ರಾಂಜಣಗಾಂವದ ಅಂಗನವಾಡಿಗಳು: ಮಗುವನ್ನು ಎಲ್ಲಿಗೆ ಕಳುಹಿಸೋಣ?

ಕಳೆದ ತಿಂಗಳು ನಮ್ಮ ಕಚೇರಿಗೆ ಒಂದು ಕಾಗದ ಬಂದಿತು. ಬರೆದವರು ರಾಂಜಣಗಾಂವದ ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ ಕುಳಿತಿರುವ ನಮ್ಮ ಹಳೆಯ ವಾಚಕರು. ಊರು ಬೈಂದೂರಿನ ಕಡೆ. ಮೊದಲನೆಯ ಪುಟವೆಲ್ಲ ಪತ್ರಿಕೆಯು ಒಂದು ದಿನ ತಡವಾಗಿ ತಲುಪುತ್ತಿದೆಯೆಂಬ ಆಕ್ಷೇಪಣೆ. ಅದು ನ್ಯಾಯವಾದದ್ದೇ ಆದುದರಿಂದ ವ್ಯವಸ್ಥಾಪಕರಿಗೆ ಒಪ್ಪಿಸಿದ್ದೇವೆ. ಎರಡನೆಯ ಪುಟದ ಕೊನೆಯಲ್ಲಿ, ಸಂಕೋಚದಿಂದಲೋ ಎಂಬಂತೆ ಸಣ್ಣ ಅಕ್ಷರಗಳಲ್ಲಿ, ನಿಜವಾದ ವಿಷಯವಿತ್ತು. ಮಗಳಿಗೆ ಮೂರು ವರ್ಷ ತುಂಬಿ ನಾಲ್ಕು ತಿಂಗಳಾಯಿತು. ಸರಕಾರದ ಅಂಗನವಾಡಿಗಳು ನಡೆದು ಹೋಗುವಷ್ಟು ದೂರದಲ್ಲಿಯೇ ಮೂರಿವೆ. ಇಂಗ್ಲಿಷ್ ನರ್ಸರಿಗಳೂ ಇವೆ. ಆದರೆ ಅವುಗಳ ವರ್ಷದ ಶುಲ್ಕವು ತಮ್ಮ ಒಂದು ತಿಂಗಳ ಸಂಬಳವನ್ನು ಮೀರುತ್ತದೆ. ಅಂಗನವಾಡಿಯೆಂದರೆ ಬರಿಯ ಖಿಚಡಿ ತಿಂದು ಬರುವ ಸ್ಥಳವೆಂದು ಜೊತೆಯವರು ನಗುತ್ತಾರೆ. ಆದ್ದರಿಂದ ಹೆಂಡತಿಯನ್ನೂ ಮಗುವನ್ನೂ ಊರಿಗೆ ಕಳುಹಿಸಿಬಿಡುವುದೇ ಲೇಸೆಂದು ತೋರುತ್ತಿದೆ. "ಮೂರರಲ್ಲಿ ಯಾವುದು ಒಳ್ಳೆಯದೆಂದು ತಾವು ತಿಳಿಸಿದರೆ ಉಪಕಾರವಾದೀತು, ಇಲ್ಲವಾದರೆ ರೈಲಿನ ಟಿಕೇಟು ಈ ತಿಂಗಳೊಳಗೆ ತೆಗೆಯಬೇಕು" ಎಂದು ಕಾಗದ ಮುಗಿದಿತ್ತು.

ಈ ಕೊನೆಯ ವಾಕ್ಯವು ನಮ್ಮನ್ನು ಸುಮ್ಮನಿರಗೊಡಲಿಲ್ಲ. ನಮ್ಮವರಲ್ಲಿ ಎಷ್ಟೋ ಮಂದಿ ತಮ್ಮ ಮಕ್ಕಳ ಬಾಲ್ಯವನ್ನು ವರ್ಷಕ್ಕೊಂದು ತಿಂಗಳ ರಜೆಯಲ್ಲಿ ಕಂತುಕಂತಾಗಿ ಕಂಡವರು. ಮಗು ನಡೆಯಲು ಕಲಿತದ್ದನ್ನು ಫೋನಿನಲ್ಲಿ ಕೇಳಿ, ಶಾಲೆಗೆ ಸೇರಿದ್ದನ್ನು ಕಾಗದದಲ್ಲಿ ಓದಿ, ಊರಿಗೆ ಹೋದಾಗ ಅದು ತಾಯಿಯ ಸೆರಗಿನ ಹಿಂದೆ ಅಡಗಿಕೊಂಡುದನ್ನು ನೋಡಿ ಮನಸ್ಸಿನಲ್ಲಿಯೇ ನೊಂದವರು. ಈ ಗೃಹಸ್ಥರು ಹೇಗೋ ಒಂದು ಕೋಣೆ ಹಿಡಿದು ಸಂಸಾರವನ್ನು ಕರೆತಂದಿದ್ದಾರೆ. ಒಂದು ಬಾಲವಾಡಿಯ ಆಯ್ಕೆ ತಿಳಿಯದ ಕಾರಣದಿಂದ ಆ ಸಂಸಾರವು ಮತ್ತೆ ಎರಡು ಭಾಗವಾಗಬೇಕೇ? ನಾವು ಪುಣೆಯಿಂದ ಅಹಿಲ್ಯಾನಗರದ ಬಸ್ಸು ಹಿಡಿದೆವು.

ರಾಂಜಣಗಾಂವವು ಪುಣೆಯಿಂದ ಸುಮಾರು 50 ಕಿಲೋಮೀಟರು ದೂರ, ಶಿರೂರು ತಾಲೂಕಿನಲ್ಲಿದೆ. ಅಷ್ಟವಿನಾಯಕಗಳಲ್ಲೊಬ್ಬನಾದ ಮಹಾಗಣಪತಿಯ ಕ್ಷೇತ್ರವೆಂದು ಲೋಕಕ್ಕೆಲ್ಲ ಗೊತ್ತು. ಆದರೆ ಈಗ ಅಲ್ಲಿ ಬಸ್ಸಿನಿಂದ ಇಳಿಯುವವರಲ್ಲಿ ಕೈಯಲ್ಲಿ ಹೂವಿನ ಪೊಟ್ಟಣ ಹಿಡಿದವರಿಗಿಂತ ಕೊರಳಿಗೆ ಕಾರ್ಖಾನೆಯ ಗುರುತಿನ ಚೀಟಿ ತೂಗುಬಿಟ್ಟವರೇ ಹೆಚ್ಚು. ಕೈಗಾರಿಕಾ ಪ್ರದೇಶ ಬಂದ ತರುವಾಯ ಮೋಟಾರು, ಶೀತಲಪೆಟ್ಟಿಗೆ, ಟೆಲಿವಿಷನ್ ಮಾಡುವ ದೊಡ್ಡ ಕಂಪನಿಗಳು ಇಲ್ಲಿ ನೆಲೆಯೂರಿದವು. ಕಂಪನಿ ಬಂದಲ್ಲಿಗೆ ಕ್ಯಾಂಟೀನು ಬರುತ್ತದೆ, ಕ್ಯಾಂಟೀನು ಬಂದಲ್ಲಿಗೆ ನಮ್ಮವರು ಬರುತ್ತಾರೆ. ಕರಾವಳಿಯವರು ಹೋಟೆಲಿನಲ್ಲಿ, ಕಲಬುರಗಿ ವಿಜಯಪುರಗಳ ಕಡೆಯವರು ಕಟ್ಟಡದ ಕೆಲಸದಲ್ಲಿ, ನಾಲ್ಕಕ್ಷರ ಕಲಿತವರು ಗುಮಾಸ್ತಿಕೆಯಲ್ಲಿ. ಊರ ಹೊಲಗಳ ಅಂಚಿನಲ್ಲಿ ಕೋಣೆಗೆ ಕೋಣೆ ಅಂಟಿಸಿದ ಚಾಳುಗಳು ಎದ್ದಿವೆ. ಅವುಗಳಲ್ಲಿ ಹುಟ್ಟಿದ ಅಥವಾ ಮಡಿಲಲ್ಲಿ ಬಂದಿಳಿದ ಮಕ್ಕಳಿಗೆ ಈಗ ಮೂರು ನಾಲ್ಕು ವರ್ಷ.

ಶಿಕ್ಷಣಶಾಸ್ತ್ರದಲ್ಲಿ ನಮಗೆ ಅಧಿಕಾರವಿಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಟೇಬಲ್ ಒರೆಸಲು ಬಂದವರು ನಾವು. ಹೋಟೆಲು ನಡೆಸಿ, ಅದರ ತರುವಾಯ ಪತ್ರಿಕೆಗೆ ಕೈ ಹಾಕಿದೆವು. ಆದರೆ ಹೋಟೆಲನ್ನು ಅಳೆಯುವ ವಿದ್ಯೆ ನಮಗೆ ಗೊತ್ತು. ಬಲ್ಲವನು ಹೊರಗಿನ ಬೋರ್ಡನ್ನು ನೋಡುವುದಿಲ್ಲ. ಕೈತೊಳೆಯುವ ಮೋರಿಯನ್ನು ನೋಡುತ್ತಾನೆ, ಟೇಬಲ್ ಒರೆಸುವ ಬಟ್ಟೆಯನ್ನು ನೋಡುತ್ತಾನೆ, ಮಧ್ಯಾಹ್ನ ಮೂರು ಗಂಟೆಗೆ ಸಾಂಬಾರಿನ ಪಾತ್ರೆಯೊಳಗೆ ಇಣುಕುತ್ತಾನೆ. ಇದೇ ಕಣ್ಣಿನಿಂದ ಅಂಗನವಾಡಿಗಳನ್ನು ನೋಡಿದರಾಗದೇ ಎಂದು ನಿಶ್ಚಯಿಸಿ ಎರಡು ದಿನ ಅಲ್ಲಿಯೇ ಉಳಿದೆವು. ಮೂರು ಕೇಂದ್ರಗಳಲ್ಲಿ ಯಾವುದರ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಅಲ್ಲಿ ದುಡಿಯುವ ಹೆಂಗಸರು ನಮಗೆ ಬಾಗಿಲು ತೆರೆದು ಕೂರಿಸಿದರು; ಅವರಿಗೆ ನಮ್ಮಿಂದ ತೊಂದರೆಯಾಗಬಾರದು.

ನೋಡುವುದಕ್ಕೆ ಮೊದಲು ಒಂದು ಮಾತು. ನಮ್ಮವರು 'ಖಿಚಡಿ ಶಾಲೆ' ಎಂದು ಹೀಯಾಳಿಸುವ ಈ ಸಂಸ್ಥೆಯ ಹುಟ್ಟು ಸಾಮಾನ್ಯವಾದುದಲ್ಲ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರ ಜೊತೆಯಲ್ಲಿ ಮಾಂಟೆಸ್ಸರಿ ಪದ್ಧತಿಯ ಬಾಲಶಿಕ್ಷಣಕ್ಕೆ ದುಡಿದ ತಾರಾಬಾಯಿ ಮೋಡಕ್ ಅವರು, 1945ರಲ್ಲಿ ಅಂದಿನ ಠಾಣೆ ಜಿಲ್ಲೆಯ ಬೋರ್ಡಿಯಲ್ಲಿ ಬಡಮಕ್ಕಳಿಗಾಗಿ ಬಾಲವಾಡಿ ತೆರೆದರು. ಶ್ರೀಮಂತರ ಮಕ್ಕಳಿಗೆ ಮರದ ನುಣುಪಾದ ಉಪಕರಣಗಳಿದ್ದಲ್ಲಿ ಇವರು ಎಲೆ, ಬೀಜ, ಕಪ್ಪೆಚಿಪ್ಪು, ಮಡಕೆಯ ಚೂರುಗಳನ್ನು ಇಟ್ಟರು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಮಕ್ಕಳಿದ್ದಲ್ಲಿಗೆ ಹೋಗಲಿ ಎಂದು ಕೇರಿಯ ಅಂಗಳದಲ್ಲಿಯೇ ಪಾಠ ಆರಂಭಿಸಿದರು. ಅಂಗನವಾಡಿ ಎಂಬ ಹೆಸರು ಬಂದುದು ಅಲ್ಲಿಂದ. ಮುಂದೆ 1957ರಲ್ಲಿ ಕೋಸಬಾಡದ ಗುಡ್ಡಕ್ಕೆ ಹೋಗಿ ವಾರಲಿ ಆದಿವಾಸಿಗಳ ಮಕ್ಕಳ ನಡುವೆ ನೆಲೆಸಿದರು. ದನ ಕಾಯುವ ಮಕ್ಕಳಿಗೆ ಹುಲ್ಲುಗಾವಲಿನಲ್ಲಿಯೇ ಶಾಲೆ ನಡೆಸಿದರು. ಇವರಿಗೆ ಬಲಗೈಯಾಗಿ ನಿಂತು, 1973ರಲ್ಲಿ ಇವರು ತೀರಿಕೊಂಡ ಮೇಲೆ ಕಾರ್ಯವನ್ನು ಮುಂದುವರಿಸಿದ ಅನುತಾಯಿ ವಾಘ್ ಅವರು ಹುಟ್ಟಿದ್ದು 1910ರಲ್ಲಿ, ಇದೇ ಪುಣೆ ಜಿಲ್ಲೆಯ ಮೋರಗಾಂವದಲ್ಲಿ. ಅಷ್ಟವಿನಾಯಕ ಯಾತ್ರೆಯು ಮೋರಗಾಂವದಲ್ಲಿ ಮೊದಲಾಗುತ್ತದೆ, ರಾಂಜಣಗಾಂವವು ಅದೇ ದಾರಿಯಲ್ಲಿದೆ. ಯಾತ್ರಿಕರು ಗಣಪತಿಯನ್ನು ಎಣಿಸುತ್ತಾರೆ. ಅನುತಾಯಿಯನ್ನು ಎಣಿಸಿದವರನ್ನು ನಾವು ಕಾಣೆವು.

ಕೇಂದ್ರ ಸರಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು 1975ರ ಅಕ್ಟೋಬರ್ 2ರಂದು 33 ಕಡೆಗಳಲ್ಲಿ ಪ್ರಯೋಗಾರ್ಥವಾಗಿ ಆರಂಭಿಸಿತು. ಕರ್ನಾಟಕದಲ್ಲಿ ಅದು ಮೊದಲಾದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಇಂದು ದೇಶದಲ್ಲಿ ಸುಮಾರು 14 ಲಕ್ಷ ಅಂಗನವಾಡಿಗಳಿವೆ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಅಗತ್ಯವಿದ್ದಲ್ಲಿ ಆಸ್ಪತ್ರೆಗೆ ಕಳುಹಿಸುವುದು, ತಾಯಂದಿರಿಗೆ ತಿಳಿವಳಿಕೆ, ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ ಎಂದು ಆರು ಸೇವೆಗಳು. ಆರಕ್ಕೂ ಹೊಣೆ ಒಬ್ಬ ಸೇವಿಕೆ ಮತ್ತು ಒಬ್ಬ ಸಹಾಯಕಿಯದು. ಇದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಪ್ರಯೋಜನಕ್ಕೆ ಬರುತ್ತದೆ.

ಮೊದಲನೆಯ ಅಂಗನವಾಡಿ ಊರೊಳಗೆ, ಸ್ವಂತ ಕಟ್ಟಡದಲ್ಲಿದೆ. ಗೋಡೆಯ ಮೇಲೆ ಮಾವಿನ ಹಣ್ಣು, ಆನೆ, ಮರಾಠಿ ಅಕ್ಷರಮಾಲೆ, ಎಲ್ಲವೂ ಹೊಸ ಬಣ್ಣದಲ್ಲಿ. ನೆಲ ಸ್ವಚ್ಛ, ಕುಡಿಯುವ ನೀರಿಗೆ ಮುಚ್ಚಳವಿದೆ, ಶೌಚಾಲಯಕ್ಕೆ ಚಿಲಕವಿದೆ. ದಾಖಲೆ ಪುಸ್ತಕದಲ್ಲಿ ಮೂವತ್ತಕ್ಕೆ ಮೇಲ್ಪಟ್ಟು ಹೆಸರುಗಳು. ನಾವು ಎಣಿಸಿದಾಗ ಕುಳಿತಿದ್ದವರು ಹನ್ನೊಂದು ಮಂದಿ. ಆಟದ ಸಾಮಾನು ಎಲ್ಲಿ ಎಂದು ಕೇಳಿದೆವು. ಕಬ್ಬಿಣದ ಬೀರುವನ್ನು ತೋರಿಸಿದರು, ಅದಕ್ಕೆ ಬೀಗವಿತ್ತು. ಮುರಿದರೆ ಲೆಕ್ಕ ಕೊಡಬೇಕಲ್ಲ ಎಂದರು ಸೇವಿಕೆ. ಈ ಮಾತು ನಮಗೆ ಅಪರಿಚಿತವಲ್ಲ. ಹೊಸ ಸ್ಟೀಲಿನ ಲೋಟಗಳನ್ನು ಒಳಗಿಟ್ಟು ಗಿರಾಕಿಗೆ ನೆಗ್ಗಿದ ಲೋಟದಲ್ಲಿ ಕಾಫಿ ಕೊಟ್ಟ ಮಾಲೀಕರಲ್ಲಿ ನಾವೂ ಒಬ್ಬರು. ಆದರೂ ಮಕ್ಕಳು ಕೈಕಟ್ಟಿ ಕುಳಿತು ಒಂದರಿಂದ ಐವತ್ತರವರೆಗೆ ಒಂದೇ ರಾಗದಲ್ಲಿ ಕೂಗುತ್ತಿದ್ದುದನ್ನು ಕೇಳುತ್ತಿರಲಾಗಿ ಮನಸ್ಸಿಗೆ ಸಮಾಧಾನವಾಗಲಿಲ್ಲ. ನೋಡಲು ಬಂದ ತಂದೆತಾಯಿಗಳು ಮೆಚ್ಚುವುದು ಈ ಐವತ್ತರವರೆಗಿನ ಎಣಿಕೆಯನ್ನೇ. ಮೂರು ವರ್ಷದ ಮಗುವಿಗೆ ಐವತ್ತು ಎಂಬುದು ಬರಿಯ ಸದ್ದು. ಎದುರಿಗಿಟ್ಟ ನಾಲ್ಕು ಹುಣಿಸೆಬೀಜಗಳಲ್ಲಿ ಒಂದನ್ನು ತೆಗೆದರೆ ಎಷ್ಟುಳಿಯಿತು ಎಂಬುದು ಎಣಿಕೆ.

ಎರಡನೆಯದನ್ನು ಹುಡುಕಲು ಅರ್ಧ ಗಂಟೆ ಹಿಡಿಯಿತು. ಚಾಳುಗಳ ನಡುವೆ ಬಾಡಿಗೆಯ ಒಂದು ಕೋಣೆ, ತಗಡಿನ ಛಾವಣಿ. ಹೆಜ್ಜೆ ಹಾಕಿ ಅಳೆದೆವು: ಹನ್ನೆರಡು ಅಡಿಗೆ ಹತ್ತು ಅಡಿ. 30 ಮಕ್ಕಳಿಗೆ ಕನಿಷ್ಠ 35 ಚದರ ಮೀಟರು ಒಳಗಿನ ಸ್ಥಳವೂ 30 ಚದರ ಮೀಟರು ಹೊರಗಿನ ಬಯಲೂ ಇರತಕ್ಕದ್ದೆಂದು ರಾಷ್ಟ್ರೀಯ ಬಾಲಶಿಕ್ಷಣ ನೀತಿಯ ಗುಣಮಟ್ಟಗಳು ಹೇಳುತ್ತವೆ. ಈ ಕೋಣೆ ಸುಮಾರು ಹನ್ನೊಂದು ಚದರ ಮೀಟರು ಮಾತ್ರ. ಒಳಗೆ ಇಪ್ಪತ್ತಾರು ಮಕ್ಕಳು. ಅದೇ ಗುಣಮಟ್ಟದ ಪ್ರಕಾರ ಈ ವಯಸ್ಸಿನ ಇಪ್ಪತ್ತು ಮಕ್ಕಳಿಗೆ ಒಬ್ಬರು ಹಿರಿಯರಿರಬೇಕು. ಅಲ್ಲಿ ಸೇವಿಕೆ ಒಬ್ಬರೇ ಪಾಠಕ್ಕೆ, ಸಹಾಯಕಿ ಮಕ್ಕಳನ್ನು ಮನೆಯಿಂದ ಕರೆತರುವುದಕ್ಕೂ ಬಡಿಸುವುದಕ್ಕೂ. ಬೋರ್ಡು ನೋಡಿ ಹೋಟೆಲು ಆರಿಸುವವರು ಇಲ್ಲಿಂದಲೇ ಹಿಂದಿರುಗುತ್ತಿದ್ದರು. ನಾವು ಚಪ್ಪಲಿ ಬಿಟ್ಟು ಒಳಗೆ ಕುಳಿತೆವು.

ಸೇವಿಕೆಗೆ ಕುರ್ಚಿಯಿತ್ತು, ಅದರ ಮೇಲೆ ನೀರಿನ ಕೊಡವನ್ನಿಟ್ಟಿದ್ದರು. ತಾವು ನೆಲದ ಮೇಲೆ ಮಕ್ಕಳ ನಡುವೆ ಕುಳಿತಿದ್ದರು. ಮಕ್ಕಳು ಬಿಹಾರದವರು, ಒಡಿಶಾದವರು, ಮರಾಠವಾಡಾದವರು. ಇಬ್ಬರು ಕಲಬುರಗಿ ಕಡೆಯ ಗೌಂಡಿ ಕೆಲಸದವರ ಮಕ್ಕಳು. ಸೇವಿಕೆ ಲೋಟವನ್ನೆತ್ತಿ ಇದರಲ್ಲೇನಿದೆ ಎಂದು ಕೇಳಿದರು. ಒಬ್ಬನು 'ಪಾಣಿ' ಎಂದನು, ಒಬ್ಬನು 'ಪಾನಿ' ಎಂದನು, ಮೂಲೆಯಲ್ಲಿದ್ದ ಹುಡುಗಿಯೊಬ್ಬಳು ನಿಧಾನವಾಗಿ 'ನೀರು' ಎಂದಳು. ಸೇವಿಕೆ ತಿದ್ದಲಿಲ್ಲ. ಎಲ್ಲ ಮಕ್ಕಳಿಂದಲೂ ಮೂರು ಶಬ್ದಗಳನ್ನೂ ಒಂದೊಂದು ಸಲ ಹೇಳಿಸಿದರು. ಒಡಿಶಾದ ಪುಟ್ಟ ಬಾಲಕನು 'ನೀರು' ಎಂದುದನ್ನು ಕೇಳಿ ಆ ಹುಡುಗಿ ನಕ್ಕಳು. ಆಮೇಲೆ ಅವಳು ಆ ಮೂಲೆಯಲ್ಲಿ ಉಳಿಯಲಿಲ್ಲ. ಕನ್ನಡ ಎಲ್ಲಿ ಕಲಿತಿರೆಂದು ನಾವು ಕೇಳಿದಾಗ, ಬಾ, ಕೂಡು, ನೀರು, ಅಳಬ್ಯಾಡ, ಇಷ್ಟೇ ಬರುತ್ತದೆ, ಈ ಮಕ್ಕಳ ತಾಯಿಯಿಂದ ಕೇಳಿ ಬರೆದುಕೊಂಡೆ ಎಂದು ಸೇವಿಕೆ ಹೇಳಿದರು. ಬರೆದುಕೊಂಡ ವಹಿಯನ್ನು ತೋರಿಸಿದರು. ಮರಾಠಿ ಅಕ್ಷರಗಳಲ್ಲಿ ನಾಲ್ಕು ಭಾಷೆಗಳ ಹತ್ತಿಪ್ಪತ್ತು ಮಾತುಗಳು. ಆಟದ ಸಾಮಾನು ಬುಟ್ಟಿಯಲ್ಲಿದ್ದುವು, ಅರ್ಧದಷ್ಟು ಮುರಿದಿದ್ದುವು.

ಊಟವನ್ನು ನೋಡಿದೆವು, ಇದು ನಮ್ಮ ವೃತ್ತಿ. ಮಹಿಳಾ ಬಚತ ಗಟದವರು ಡಬ್ಬದಲ್ಲಿ ಖಿಚಡಿ ತಂದರು. ಕೈಗೆ ಬಿಸಿ ತಾಗುತ್ತಿತ್ತು. ಅಕ್ಕಿಗೆ ಬೇಳೆ ಕಡಿಮೆಯೆನ್ನುವಂತಿರಲಿಲ್ಲ, ಉಪ್ಪು ಹದವಾಗಿತ್ತು, ಅರಿಸಿನ ತುಸು ಮುಂದಾಗಿತ್ತು. 2009ರಲ್ಲಿ ಸರಕಾರವು ಮಗುವೊಂದಕ್ಕೆ ದಿನಕ್ಕೆ 500 ಕಿಲೋಕ್ಯಾಲೋರಿ ಶಕ್ತಿ, 12ರಿಂದ 15 ಗ್ರಾಂ ಸಸಾರಜನಕ, ವರ್ಷದಲ್ಲಿ 300 ದಿನ ಎಂದು ನಿಗದಿಪಡಿಸಿತ್ತು. 2013ರ ಆಹಾರ ಭದ್ರತಾ ಕಾಯಿದೆಯು ಅದನ್ನು ಮಕ್ಕಳ ಹಕ್ಕಾಗಿ ಮಾಡಿತು. ತಟ್ಟೆಯಲ್ಲಿ ಗ್ರಾಂ ಎಣಿಸಲು ನಮಗೆ ಬಾರದು. ತಟ್ಟೆಯಲ್ಲಿ ಉಳಿದಿದೆಯೋ ಇಲ್ಲವೋ ನೋಡಲು ಬರುತ್ತದೆ. ಉಳಿದಿರಲಿಲ್ಲ. ಊಟದ ಮೊದಲು ಸಾಬೂನು ಹಚ್ಚಿ ಕೈ ತೊಳೆಸಿದರು, ಆ ನೀರು ಮಾತ್ರ ಬಾಗಿಲ ಮುಂದೆಯೇ ನಿಂತಿತು, ಮೋರಿಯಿಲ್ಲ. ಮನೆಯ ಮಾಲೀಕನಿಗೆ ಹೇಳಿ ಹೇಳಿ ಸಾಕಾಗಿದೆ ಎಂದರು.

ಅಲ್ಲಿಯೇ ಇನ್ನೊಂದು ಸಂಗತಿ ಕಂಡೆವು. ಸೇವಿಕೆ ಪ್ರತಿಯೊಂದು ಮಗುವನ್ನೂ ತೂಗಿ ಬರೆಯುತ್ತಿದ್ದರು, ಸಣ್ಣವರ ತೋಳಿಗೆ ಬಣ್ಣದ ಪಟ್ಟಿ ಸುತ್ತಿ ಅಳೆಯುತ್ತಿದ್ದರು. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ ಹನ್ನೊಂದೂವರೆ ಸೆಂಟಿಮೀಟರಿಗಿಂತ ಕಡಿಮೆಯಾದರೆ ಅದು ತೀವ್ರ ಅಪೌಷ್ಟಿಕತೆ; ಕೂಡಲೇ ವೈದ್ಯರಿಗೆ ತೋರಿಸತಕ್ಕದ್ದು. ಎಷ್ಟು ದೊಡ್ಡ ಶುಲ್ಕದ ನರ್ಸರಿಯಲ್ಲಾದರೂ ಮಗುವಿನ ತೋಳನ್ನು ಅಳೆದುದನ್ನು ನಾವು ಈವರೆಗೆ ಕಂಡಿಲ್ಲ.

ಮೂರನೆಯದು ಹೆದ್ದಾರಿಯ ಆಚೆ. ಕಟ್ಟಡ, ನೀರಿನ ನಲ್ಲಿ, ಬೇವಿನ ಮರದ ನೆರಳು, ಗೇಟು, ಯಾವುದಕ್ಕೂ ಕೊರತೆಯಿಲ್ಲ. ನಾವು ಹೋದ ದಿನ ಸೇವಿಕೆ ಸಭೆಗೆ ಹೋಗಿದ್ದರು. ಸಹಾಯಕಿ ಊಟ ಬಡಿಸಿ ಮಕ್ಕಳನ್ನು ಬೇಗನೆ ಮನೆಗೆ ಕಳುಹಿಸಿದರು. ಒಂದು ದಿನ ನೋಡಿ ತೀರ್ಪು ಕೊಡುವುದು ನ್ಯಾಯವಲ್ಲ, ಕೊಡುವುದಿಲ್ಲ. ಆದರೆ ಚಾಳಿನಿಂದ ಅಲ್ಲಿಗೆ ಹೋಗಬೇಕಾದರೆ ಕಂಟೇನರ್ ಲಾರಿಗಳು ಓಡುವ ರಸ್ತೆಯನ್ನು ದಿನಕ್ಕೆ ಎರಡು ಸಲ, ಮಗುವಿನ ಕೈ ಹಿಡಿದು, ದಾಟಬೇಕು. ನಾವು ದೊಡ್ಡವರೇ ಐದು ನಿಮಿಷ ಕಾದು ನಿಂತೆವು. ನಮ್ಮ ವಾಚಕರ ಪತ್ನಿಗೆ ಇದು ದಿನನಿತ್ಯದ ಮಾತು. ಶಾಲೆಯನ್ನು ತೂಗುವಾಗ ಶಾಲೆಯ ದಾರಿಯನ್ನೂ ಅದೇ ತಕ್ಕಡಿಯಲ್ಲಿ ಹಾಕಬೇಕು.

ಸೇವಿಕೆಯರು ಮೇಲಿಂದ ಮೇಲೆ ಗೈರಾಗುತ್ತಾರೆಂಬ ದೂರು ನಮ್ಮ ಕಿವಿಗೂ ಬಿದ್ದಿದೆ. ಇದರಲ್ಲಿ ಅವರ ತಪ್ಪೆಷ್ಟು? ಆರು ಸೇವೆಗಳಲ್ಲದೆ ಮನೆಮನೆಯ ಸಮೀಕ್ಷೆ, ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ತುಂಬುವುದು, ಸಭೆ, ತರಬೇತಿ, ಎಲ್ಲವೂ ಅವರ ಹೆಗಲಿಗೆ. ಇವರು ನೌಕರರಲ್ಲ, ಗೌರವಧನದ ಮೇಲೆ ಸೇವೆ ಮಾಡುವವರೆಂದು ಸರಕಾರದ ಲೆಕ್ಕ. 2018ರಲ್ಲಿ ಹೆಚ್ಚಿಸಿದ ತರುವಾಯ ಕೇಂದ್ರವು ನಿಗದಿಪಡಿಸಿದ ಗೌರವಧನವು ಸೇವಿಕೆಗೆ ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250 ರೂಪಾಯಿ. ಅದರ ಮೇಲೆ ರಾಜ್ಯವು ತನ್ನ ಪಾಲು ಸೇರಿಸುತ್ತದೆ. ಇವರು ಗ್ರಾಚ್ಯುಯಿಟಿಗೆ ಅರ್ಹರೆಂದು ಸುಪ್ರೀಂ ಕೋರ್ಟು ತೀರ್ಪಿತ್ತುದು 2022ರ ಏಪ್ರಿಲಿನಲ್ಲಿ. ಮಹಾರಾಷ್ಟ್ರದ ಅಂಗನವಾಡಿ ನೌಕರರು 2023ರ ಡಿಸೆಂಬರ್ 4ರಿಂದ ಹೂಡಿದ ಮುಷ್ಕರವು 2024ರ ಜನವರಿಯ ಕೊನೆಯವರೆಗೆ ನಡೆಯಿತು. ಹನ್ನೆರಡು ತಾಸು ದುಡಿದು ಓವರ್‌ಟೈಮು ಕಾಣದ ನಮ್ಮ ಹೋಟೆಲ್ ಬಂಧುಗಳಿಗೆ ಇವರ ಸ್ಥಿತಿಯನ್ನು ನಾವು ವಿವರಿಸಬೇಕಾಗಿಲ್ಲ. ಮಾಲೀಕರಾಗಿದ್ದಾಗ ನಾವೇ ಎಷ್ಟು ಕೊಟ್ಟೆವು ಎಂದು ಯಾರಾದರೂ ಕೇಳಿದರೆ ತಲೆ ತಗ್ಗಿಸಬೇಕಾದೀತು.

ಇನ್ನು ಇಂಗ್ಲಿಷ್ ನರ್ಸರಿಯ ವಿಚಾರ. ನಮ್ಮ ಮಗಳನ್ನು ನಾವು ಅಂಗನವಾಡಿಗೆ ಕಳುಹಿಸಲಿಲ್ಲ. ಹೋಟೆಲಿನ ಧಣಿಯ ಮಗಳು ಚಾಪೆಯ ಮೇಲೆ ಕುಳಿತಾಳೇ ಎಂಬ ಒಣ ಜಂಬ. ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿದ್ದ ನರ್ಸರಿಗೆ ಹಾಕಿದೆವು. ಬೂಟು, ಟೈ, ಚೀಲ ಎಲ್ಲವೂ ಇದ್ದವು. ಮೂರನೆಯ ತಿಂಗಳಿನಲ್ಲಿ ಮಗು ದಿನವೂ ಒದ್ದೆಯಾಗಿ ಮನೆಗೆ ಬರತೊಡಗಿತು. ಮನೆಯಲ್ಲಿ ಎಂದೋ ಬಿಟ್ಟಿದ್ದ ಅಭ್ಯಾಸ. ತಾಯಿ ರಮಿಸಿ ಕೇಳಲಾಗಿ, ಒಂದಕ್ಕೆ ಹೋಗಬೇಕೆಂಬುದನ್ನು ಇಂಗ್ಲಿಷಿನಲ್ಲಿ ಕೇಳದಿದ್ದರೆ ಟೀಚರು ಬಿಡುವುದಿಲ್ಲವೆಂದೂ ಆ ಮಾತು ತನಗೆ ಮರೆತುಹೋಗುತ್ತದೆಂದೂ ತಿಳಿಯಿತು. ನಾವು ಮಗುವನ್ನು ಅಲ್ಲಿಂದ ಬಿಡಿಸಿದೆವು, ಶುಲ್ಕ ಹಿಂದಿರುಗಲಿಲ್ಲ. ಎಲ್ಲ ನರ್ಸರಿಗಳೂ ಹೀಗೆಯೇ ಎಂದು ನಾವು ಹೇಳುವುದಿಲ್ಲ. ಆದರೆ ಸಂಬಳದ ಮೊತ್ತವನ್ನು ಕಟ್ಟುವ ಮೊದಲು ಒಮ್ಮೆ ಒಳಗೆ ಹೋಗಿ, ಮಗುವಿಗೆ ಅರ್ಜಂಟಾದಾಗ ಯಾವ ಭಾಷೆಯಲ್ಲಿ ಕೇಳಬೇಕು ಎಂದು ವಿಚಾರಿಸಿ ನೋಡಿರಿ.

ಮೂರು ವರ್ಷದ ಮಗುವಿಗೆ ಶಾಲೆಯಿಂದ ನಿಜವಾಗಿ ಸಿಗುವುದೇನು? ಅಮೆರಿಕದ ಮಿಷಿಗನ್ ಸಂಸ್ಥಾನದ ಇಪ್ಸಿಲಾಂಟಿ ಎಂಬ ಊರಿನಲ್ಲಿ 1962ರಲ್ಲಿ ಒಂದು ಪ್ರಯೋಗ ಆರಂಭವಾಯಿತು. ಬಡ ಕರಿಯ ಜನರ 123 ಮಕ್ಕಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ದಿನವೂ ಬೆಳಗ್ಗೆ ಎರಡೂವರೆ ತಾಸು ಬಾಲವಾಡಿ, ವಾರಕ್ಕೊಮ್ಮೆ ಶಿಕ್ಷಕಿಯಿಂದ ಮನೆಭೇಟಿ. ಇನ್ನೊಂದಕ್ಕೆ ಏನೂ ಇಲ್ಲ. ಬುದ್ಧಿಮಾಪನದ ಅಂಕಗಳಲ್ಲಿ ಕಂಡ ಮುನ್ನಡೆ ಕೆಲವೇ ವರ್ಷಗಳಲ್ಲಿ ಅಳಿಸಿಹೋಯಿತು, ಪ್ರಯೋಗ ಕೆಟ್ಟಿತೆಂದು ಹಲವರು ತಿಳಿದರು. ಆದರೆ ಆ ಮಕ್ಕಳಿಗೆ ನಲ್ವತ್ತು ವರ್ಷವಾಗುವವರೆಗೂ ಬೆನ್ನು ಹತ್ತಿ ನೋಡಲಾಗಿ, ಬಾಲವಾಡಿಗೆ ಹೋದವರಲ್ಲಿ ಶಾಲೆ ಮುಗಿಸಿದವರು, ಉದ್ಯೋಗದಲ್ಲಿರುವವರು ಹೆಚ್ಚು, ಸೆರೆಗೆ ಸಿಕ್ಕಿದವರು ಕಡಿಮೆ ಎಂದು ಕಂಡಿತು. ಅಲ್ಲಿ ಆರೇಳು ಮಕ್ಕಳಿಗೆ ಒಬ್ಬ ಶಿಕ್ಷಕಿಯಿದ್ದಳು. ನಮ್ಮ ಹನ್ನೆರಡಡಿಯ ಕೋಣೆಗೆ ಅದನ್ನು ಹೋಲಿಸುವುದು ಸರಿಯಲ್ಲ. ಉಳಿದದ್ದು ಅಂಕವಲ್ಲ, ಬೇರೆ ಏನೋ ಎಂಬಷ್ಟನ್ನು ಮಾತ್ರ ನಾವು ಇಲ್ಲಿಂದ ತೆಗೆದುಕೊಳ್ಳುತ್ತೇವೆ. ಆ ಮೂಲೆಯ ಹುಡುಗಿ ಎದ್ದು ನಡುವೆ ಬಂದಳಲ್ಲ, ಅದು ಯಾವ ಅಂಕಪಟ್ಟಿಯಲ್ಲಿಯೂ ಬರುವುದಿಲ್ಲ.

ಕನ್ನಡದ ಗತಿಯೇನು ಎಂದು ಹಲವರು ಕೇಳುವುದು ಸಹಜ. ಜತ್ತ, ಅಕ್ಕಲಕೋಟೆ ತಾಲೂಕುಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಅಲ್ಲಿ ನೆಲದ ಭಾಷೆಯೇ ಕನ್ನಡ. ಪುಣೆಯಲ್ಲಿ ಕನ್ನಡ ಸಂಘದ ಡಾ. ಶಾಮರಾವ ಕಲ್ಮಾಡಿ ಕನ್ನಡ ಮಾಧ್ಯಮ ಶಾಲೆಯಿದೆ. ರಾಂಜಣಗಾಂವದ ಮೂರು ವರ್ಷದ ಮಗುವಿಗೆ ಅದು ಇದ್ದೂ ಇಲ್ಲದಂತೆ. ಊರಿಗೆ ಕಳುಹಿಸಿದರೆ ಕನ್ನಡ ಸಿಗುತ್ತದೆ, ಕರ್ನಾಟಕದ ಅಂಗನವಾಡಿಗಳಲ್ಲಿ ಹಾಲೂ ಮೊಟ್ಟೆಯೂ ಸಿಗುತ್ತವೆ, ಇದು ನಿಜ, ತಂದೆ ಸಿಗುವುದಿಲ್ಲ. ಮರಾಠಿ ಹಾಡು ಕಲಿತ ಮಾತ್ರಕ್ಕೆ ಮಗುವಿನ ಕನ್ನಡ ಕೆಡುವುದಿಲ್ಲವೆಂದು ನಮ್ಮ ದೃಢವಾದ ಅಭಿಪ್ರಾಯ. ಕೆಡುವುದು, ಮನೆಗೆ ಬಂದ ಮೇಲೂ ತಂದೆ ಫೋನು ನೋಡುತ್ತ ಕುಳಿತರೆ. ಮುಂಬಯಿಯ ನಮ್ಮ ಹಿರಿಯರು ದಿನವಿಡೀ ಗಿರಾಕಿಗಳೊಡನೆ ಮರಾಠಿ ಹಿಂದಿಗಳಲ್ಲಿ ವ್ಯವಹರಿಸಿ ರಾತ್ರಿ ಕನ್ನಡ ಶಾಲೆಯಲ್ಲಿ ಕುಳಿತು ಪರೀಕ್ಷೆ ಕಟ್ಟಿದರು. ಅವರ ಕನ್ನಡ ಕೆಟ್ಟಿತೆಂದು ಯಾರು ಹೇಳಿಯಾರು?

ಈಗ ಕಾನೂನಿನ ಎರಡು ಮಾತು, ಕತ್ತರಿಸಿ ಇಟ್ಟುಕೊಳ್ಳತಕ್ಕದ್ದು. ಅಂಗನವಾಡಿಯು ಬಡತನದ ರೇಖೆಯವರಿಗೆ ಮಾತ್ರವೆಂಬುದು ತಪ್ಪು. ಅದು ಎಲ್ಲ ಮಕ್ಕಳಿಗೂ ತೆರೆದಿದೆ. ಮಹಾರಾಷ್ಟ್ರದ ರೇಶನ್ ಕಾರ್ಡು ಇಲ್ಲವೆಂದು ಹಿಂದೆ ಸರಿಯಬೇಕಾಗಿಲ್ಲ. ಮಗುವಿಗೆ ಆಧಾರ್ ಆಗದಿದ್ದರೆ ತಾಯಿಯ ಆಧಾರಿನ ಮೇಲೆ ಹೆಸರು ನೋಂದಾಯಿಸಬಹುದು. ಊರಿನ ಅಂಗನವಾಡಿಯಲ್ಲಿ ಈ ಮೊದಲೇ ಹೆಸರಿದ್ದರೆ ಪೋಷಣ್ ಟ್ರ್ಯಾಕರಿನಲ್ಲಿ ಅದನ್ನು ಇಲ್ಲಿಗೆ ವರ್ಗಾಯಿಸಲು ಅವಕಾಶವುಂಟು. ತಾಯಿ ಕಾರ್ಡನ್ನೂ ಚುಚ್ಚುಮದ್ದಿನ ಚೀಟಿಯನ್ನೂ ಜೊತೆಯಲ್ಲಿ ತರಬೇಕು. ಇನ್ನು ಅಂಗನವಾಡಿಯೇ ಇಲ್ಲದ ಚಾಳುಗಳಿದ್ದಲ್ಲಿ: ಆರು ವರ್ಷದೊಳಗಿನ 40 ಮಕ್ಕಳು ಇರುವ ಹಳ್ಳಿಯ ವಸತಿಯಾಗಲಿ ಕೊಳೆಗೇರಿಯಾಗಲಿ, ಕೇಳಿದ ಮೂರು ತಿಂಗಳೊಳಗೆ ಅಂಗನವಾಡಿ ಪಡೆಯಲು ಅರ್ಹವೆಂದು ಸುಪ್ರೀಂ ಕೋರ್ಟು 2006ರ ಡಿಸೆಂಬರ್ 13ರಂದು ಆಜ್ಞೆ ಮಾಡಿದೆ. ಕೇಳುವವರು ಬೇಕು. ನಮ್ಮವರು ಬಾಡಿಗೆದಾರರೆಂಬ ಅಳುಕಿನಿಂದ ಪಂಚಾಯತಿಯ ಮೆಟ್ಟಿಲು ಹತ್ತುವುದಿಲ್ಲ. ಇದೇ ಶಿರೂರು ತಾಲೂಕಿನ ವಾಬಳೇವಾಡಿಯಲ್ಲಿ ಊರವರು ಕೇಳಿ, ದುಡಿದು, ಜಮೀನನ್ನೂ ಕೊಟ್ಟು ಜಿಲ್ಲಾ ಪರಿಷತ್ತಿನ ಪ್ರಾಥಮಿಕ ಶಾಲೆಯನ್ನು ದೂರದವರೂ ನೋಡಲು ಬರುವಂತೆ ಮಾಡಿದರು. ಸರಕಾರಿ ಶಾಲೆಯ ಹಣೆಬರಹ ಇಷ್ಟೇ ಎನ್ನುವವರು ಹೆದ್ದಾರಿಯಲ್ಲಿ ಶಿಕ್ರಾಪುರದ ಬಳಿ ಇಳಿದು ಒಮ್ಮೆ ನೋಡಿ ಬರಲಿ.

ಎರಡನೆಯ ದಿನ ಸಂಜೆ, ಹೋಟೆಲಿನ ಗಿರಾಕಿ ಕಡಿಮೆಯಾದ ಹೊತ್ತಿನಲ್ಲಿ, ನಮ್ಮ ವಾಚಕರ ಎದುರಿಗೆ ಕುಳಿತು ಕಂಡುದನ್ನೆಲ್ಲ ಹೇಳಿದೆವು. ಬಣ್ಣದ ಗೋಡೆಯದ್ದೇ ಅವರ ಮನಸ್ಸಿನಲ್ಲಿತ್ತು. "ತಗಡಿನ ಕೋಣೆಗೆ ಕಳ್ಸಿ ಅಂತ ಹೇಳ್ತ್ರ್ಯಾ ಸ್ವಾಮಿ?" ಎಂದು ಕೇಳಿದರು. ಹೌದು ಎಂದೆವು. ಬೇಸಿಗೆಯಲ್ಲಿ ತಗಡು ಕಾಯುತ್ತದೆ, ಮಗುವಿಗೆ ಸೆಕೆಯಾಗುತ್ತದೆ, ಬಾಗಿಲಲ್ಲಿ ನೀರು ನಿಲ್ಲುತ್ತದೆ. ನಾಲ್ಕು ಮಂದಿ ತಂದೆಯರು ಕೂಡಿ ಒಂದು ಭಾನುವಾರ ಕೈಹಾಕಿದರೆ ಮೋರಿಯಾಗುತ್ತದೆ, ಒಂದು ಫ್ಯಾನಿಗೆ ಹೋಟೆಲಿನವರು ವಂತಿಗೆ ಹಾಕಬಹುದು. ಬೀಗ ಹಾಕಿದ ಬೀರುವನ್ನು ತೆಗೆಸುವುದು ಅಷ್ಟು ಸುಲಭವಲ್ಲ. ಅವರು ಒಪ್ಪಿದರೋ ಇಲ್ಲವೋ ಮುಖ ನೋಡಿ ತಿಳಿಯಲಿಲ್ಲ. ಹೆಂಡತಿಯನ್ನು ಕೇಳಬೇಕು ಎಂದಷ್ಟೇ ಹೇಳಿ, ನಮ್ಮ ಕಾಫಿಯ ಹಣವನ್ನು ಎಷ್ಟು ಹೇಳಿದರೂ ತೆಗೆದುಕೊಳ್ಳಲಿಲ್ಲ.

ಮೊನ್ನೆ ಎರಡನೆಯ ಕಾಗದ ಬಂದಿದೆ. ಟಿಕೇಟು ತೆಗೆದಿಲ್ಲ; ದೀಪಾವಳಿಯವರೆಗೆ ನೋಡೋಣವೆಂದು ಗಂಡಹೆಂಡಿರು ನಿಶ್ಚಯಿಸಿದ್ದಾರೆ. ಮಗು ಮೊದಲನೆಯ ದಿನ ಅತ್ತಿತು, ಎರಡನೆಯ ದಿನವೂ ಅತ್ತಿತು, ಮೂರನೆಯ ದಿನ ಖಿಚಡಿ ತಿಂದಿತು, ನಾಲ್ಕನೆಯ ದಿನ ಜ್ವರ. ಈಗ ಹೋಗುತ್ತಿದೆ. ಎಲ್ಲ ಮಕ್ಕಳೂ ಸೇವಿಕೆಯನ್ನು 'ತಾಈ' ಎಂದು ಕರೆಯುವುದನ್ನು ಕೇಳಿ, ಮರಾಠಿಯಲ್ಲಿ ಅಕ್ಕನಿಗೆ ಹಾಗೆನ್ನುತ್ತಾರೆಂಬುದನ್ನು ತಿಳಿಯದೆ, ಅವರು ಅಷ್ಟು ಮಕ್ಕಳಿಗೂ ತಾಯಿಯೇ ಎಂದು ರಾತ್ರಿ ತಂದೆಯನ್ನು ಕೇಳಿತಂತೆ. ಮೋರಿಯ ಕೆಲಸಕ್ಕೆ ಇಬ್ಬರು ಬರುತ್ತೇನೆಂದಿದ್ದಾರೆ, ಇನ್ನಿಬ್ಬರು ಬೇಕೆಂದು ಬರೆದಿದ್ದಾರೆ.